ಡಾಕ್ಟರ್ ಶಿವರುದ್ರಪ್ಪನವರ ಕೆಮ್ಮಿನ ಸನ್ನಿಧಿಗೆ

ಸದಾಶಿವ ಪೇಟೆ, ಪುಣೆ
ಕಾರ್ತಿಕ ಶುದ್ಧ ಬಿದಿಗೆ, ೧೯೩೮

ಮಾನ್ಯರೇ,

ಇದೇ ಪೇಟೆಯಲ್ಲಿ ಔಷಧಾಲಯವಿಟ್ಟುಕೊಂಡಿರುವ ಡಾಕ್ಟರ್ ಶಿವರುದ್ರಪ್ಪನವರ ಗಂಟಲಿನಲ್ಲಿ ಖಾಯಮ್ಮಾಗಿ ವಾಸವಾಗಿದ್ದು, ಸಮಯ ಬಂದಾಗ ಮಾತ್ರ ಹೊರಗೆ ಬಂದು ದರ್ಶನ ಕೊಡುವ ಘನ ಕೆಮ್ಮಿನವರಾದ ತಮ್ಮ ಸನ್ನಿಧಿಗೆ, ಮೂಲತಃ ಧಾರವಾಡದವನೂ ಸದ್ಯ ಇಲ್ಲಿನ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕನೂ ಆದ ಬಿಂದುಮಾಧವ ನರಸಿಂಹ ಹುಲಕೋಟಿಯು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎದೆಯ ಮೇಲೆ ಭಾರ ಹಾಕಬಾರದೆಂದು ಡಾಕ್ಟರರ ಅಪ್ಪಣೆ ಇರುವುದರಿಂದ ಈ ಸಾಷ್ಟಾಂಗವನ್ನು ಸದ್ಯಕ್ಕೆ ಬರವಣಿಗೆಯಲ್ಲೇ ಸ್ವೀಕರಿಸಬೇಕು. ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ. ಕಳೆದ ಎಂಟು ತಿಂಗಳಲ್ಲಿ ಅದು ಚೆನ್ನಾಗಿಲ್ಲದ ಒಂದು ದಿನವನ್ನೂ ನಾನು ಕಂಡಿಲ್ಲ.

ದೂರನ್ನು ಡಾಕ್ಟರರಿಗೆ ಬರೆಯದೆ ತಮಗೇಕೆ ಬರೆಯುತ್ತಿದ್ದೇನೆಂದು ಯಾರಾದರೂ ಕೇಳಬಹುದು. ಡಾಕ್ಟರರ ಮೇಲೆ ನನ್ನದೇನೂ ತಕರಾರಿಲ್ಲ, ದೇವರಂಥ ಮನುಷ್ಯ. ಕಳೆದ ಸಂಕ್ರಾಂತಿಯ ಮರುದಿನ ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದುಬಿದ್ದ ನನ್ನನ್ನು ಬದುಕಿಸಿದವರು ಅವರೇ. ಆರು ವಾರ ನನ್ನನ್ನು ಹಾಸಿಗೆಯಲ್ಲಿ ಅಲುಗಾಡದಂತೆ ಮಲಗಿಸಿ, ದಿನಾ ಬಂದು ನಾಡಿ ಹಿಡಿದು, "ಅಂಜಬ್ಯಾಡ್ರಿ ಹುಲಕೋಟಿಯವರ, ನನಗೂ ಎರಡ ವರ್ಷದ ಹಿಂದ ಇದs ಎದಿ ಬ್ಯಾನಿ ಬಂದಿತ್ತು, ಈಗ ನೋಡ್ರಿ, ಹೆಂಗ ಗಟ್ಟಿ ಇದ್ದೀನಿ" ಎಂದು ಧೈರ್ಯ ಹೇಳಿದವರೂ ಅವರೇ. ಆದರೆ ನಾನು ಮುಖ್ಯವಾದ ಒಂದು ಪ್ರಶ್ನೆ ಕೇಳಿದಾಗಲೆಲ್ಲ ಉತ್ತರ ಕೊಟ್ಟವರು ಅವರಲ್ಲ, ತಾವು. ಉತ್ತರ ಕೊಟ್ಟವರಿಗೇ ಮರುಪತ್ರ ಬರೆಯಬೇಕೆಂಬುದು ಇಪ್ಪತ್ತಾರು ವರ್ಷದಿಂದ ಕಚೇರಿಯಲ್ಲಿ ನಾನು ಪಾಲಿಸಿಕೊಂಡು ಬಂದ ಶಿಸ್ತು.

ತಮ್ಮ ಪ್ರಥಮ ದರ್ಶನವಾದದ್ದು ಫಾಲ್ಗುಣದಲ್ಲಿ, ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಕೂಡಿಸಿದ ದಿನ. ಡಾಕ್ಟರರು ತಮ್ಮ ದುಂಡಗಿನ ಅಕ್ಷರದಲ್ಲಿ ಇಪ್ಪತ್ತೇಳು ಕಲಮುಗಳ ಒಂದು ಕಾಗದ ಬರೆದು ತಂದಿದ್ದರು. ಅದನ್ನು ಓದಿ ಹೇಳುವಾಗ ನಮ್ಮ ಮನೆಯ ಪದ್ಧತಿಯಂತೆ ಎಲ್ಲರೂ ಸುತ್ತ ನೆರೆದಿದ್ದರು: ನನ್ನ ಹೆಂಡತಿ ಅಂಬಾ ಬಾಗಿಲ ಮರೆಗೆ, ನನ್ನ ಸೋದರತ್ತೆ ಗಂಗೂಬಾಯಿ ಕಂಬಕ್ಕೆ ಒರಗಿ, ಕೆಳಗಿನ ಮನೆಯ ಅವಧೂತರಾಯರು ನನ್ನ ಮಂಚದ ಮೇಲೇ. ಈ ಅವಧೂತರಾಯರು ಶಾಲೆಯ ಮಾಸ್ತರರು, ಹೆಸರಿಗೆ ಅವಧೂತ, ಮನೆಯಲ್ಲಿ ಏಳು ಮಕ್ಕಳು. ತುಪ್ಪ ಎಷ್ಟು, ಉಪ್ಪಿನಕಾಯಿ ಎಷ್ಟು, ನಶ್ಯ ಯಾಕೆ ಬೇಡ, ಸಾಹೇಬರು ಬೈದರೆ ಮನಸ್ಸಿಗೆ ಹಚ್ಚಿಕೊಳ್ಳದಿರುವುದು ಹೇಗೆ, ಎಲ್ಲವೂ ಅದರಲ್ಲಿತ್ತು. ಪಾಯಖಾನೆಯಲ್ಲಿ ತಿಣುಕಬಾರದು ಎಂಬ ಹದಿನಾಲ್ಕನೆಯ ಕಲಮನ್ನಂತೂ ಡಾಕ್ಟರರು ನನ್ನ ಅತ್ತೆಯ ಎದುರಿಗೆ, ಹಲವು ಸಂಸಾರಗಳಿರುವ ನಮ್ಮ ವಾಡೆಯ ಅಂಗಳದಲ್ಲಿ ನೀರು ಸೇದುತ್ತಿದ್ದ ಹೆಂಗಸರಿಗೂ ಕೇಳುವ ಹಾಗೆ, ಹೇಗೆ ಕೂಡಬೇಕೆಂಬ ವಿವರದೊಂದಿಗೆ ಎರಡು ಸಲ ಹೇಳಿದರು. ಆಗ ತಾವು ಎಲ್ಲಿದ್ದಿರಿ, ಮಾನ್ಯರೇ? ಗಂಟಲು ಗಂಗೆಯಷ್ಟು ನಿರ್ಮಲವಾಗಿತ್ತಲ್ಲ.

ಇಪ್ಪತ್ತೇಳೂ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ: "ಡಾಕ್ಟರ್, ಗಂಡಾ ಹೆಂಡತಿ ಅಂತ ಒಂದು ಇರ್ತದಲ್ಲರಿ... ಅದು ಯಾವಾಗಿಂದ ನಡೀತದ?" ನನಗೆ ನಲವತ್ತಾರು, ಅಂಬಾಳಿಗೆ ಮೂವತ್ತೆಂಟು. ಕೇಳಬಾರದ್ದೇನೂ ನಾನು ಕೇಳಲಿಲ್ಲ. ಡಾಕ್ಟರರು ಬಾಯಿ ತೆರೆದರು. ತಾವು ಬಂದಿರಿ.

ಎಂಥ ಬರವು ಅದು! ಮೊದಲು ಒಂದು ಸಣ್ಣ ಖುಳುಖುಳು, ಆಮೇಲೆ ಎರಡು ಖೊಕ್, ಕೊನೆಗೆ ಕಿಟಕಿಯ ಗಾಜು ಅಲುಗಾಡಿಸಿದ ಒಂದು ಘನಗಂಭೀರ ಖ್ಹಹ್ಹ್. ಅಷ್ಟು ಮಾಡಿ ಡಾಕ್ಟರರು ಚೀಲ ಎತ್ತಿಕೊಂಡು ಇಳಿದು ಹೋದರು. ಅವರು ಹೋದ ಮೇಲೆ ತಮ್ಮ ಮಾತಿನ ಅರ್ಥವೇನೆಂದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಒಂದು ವರ್ಷ ಬೇಡವೆಂದು ಹೇಳಿದರೆಂದು ಅವಧೂತರಾಯರ ಅಭಿಪ್ರಾಯ. ಗಂಗೂಬಾಯಿ ಅತ್ತೆ ಮಾತ್ರ ಒಂದೇ ಏಟಿಗೆ ತೀರ್ಪು ಕೊಟ್ಟರು: "ಅಷ್ಟು ದೊಡ್ಡ ಡಾಕ್ಟರ ಬಾಯಿಂದ ಮಾತs ಹೊರಡಲಿಲ್ಲ ಅಂದ್ರ ಅದು ಎಂಥಾ ಘಾತದ್ದ ಇರಬೇಕು! ನನಗ ವೈದ್ಯ ತಿಳಿಯೂದಿಲ್ಲಪಾ, ಮಡಿ ತಿಳೀತದ. ಮುಟ್ಟಬಾರದು ಅಂದ್ರ ಮುಟ್ಟಬಾರದು."

ಇಲ್ಲಿಂದ ನನ್ನ ಪುಣ್ಯಕಾಲ ಶುರುವಾಯಿತು. ನಮ್ಮಂಥ ಮನೆಗಳಲ್ಲಿ ಮುಟ್ಟಬೇಡ ಎಂದು ಹೇಳಲು ಇರುವ ಏಕಮಾತ್ರ ದಾರಿ ಮಡಿ. ಅದಕ್ಕೆ ಕಾರಣ ಕೊಡಬೇಕಾಗಿಲ್ಲ, ನಾಚಬೇಕಾಗಿಲ್ಲ, ಯಾರೂ ಕೇಳುವುದೂ ಇಲ್ಲ. ಆದ್ದರಿಂದ ನನ್ನ ಅತ್ತೆ ನನ್ನ ಎದೆಯನ್ನು ಕಾಪಾಡಲಿಕ್ಕಾಗಿ ನನ್ನನ್ನು ಸಂಪೂರ್ಣ ಮಡಿಯಲ್ಲಿ ಇಟ್ಟುಬಿಟ್ಟರು. ನನಗೊಂದು ಬೇರೆ ಮಣೆ, ಬೇರೆ ತಂಬಿಗೆ, ಹೊದೆಯಲು ಅವರದೇ ಚುಚ್ಚುವ ಉಣ್ಣೆಯ ಧಾಬಳಿ. ಚಹಾದ ಬಟ್ಟಲನ್ನು ಅಂಬಾ ಮಾರುದೂರದಲ್ಲಿ ನೆಲದ ಮೇಲಿಟ್ಟು, ದೇವರಿಗೆ ನೈವೇದ್ಯ ಸರಿಸಿದಂತೆ ಬೆರಳ ತುದಿಯಿಂದ ನನ್ನ ಕಡೆಗೆ ಸರಿಸುವಳು. ಇಪ್ಪತ್ತೊಂದು ವರ್ಷ ಕೈಗೆ ಕೈ ತಾಗಿಸಿ ಬಟ್ಟಲು ಕೊಟ್ಟವಳು! ಅವಳು ಮಲಗುವ ಜಾಗವೂ ಅಡುಗೆಮನೆಯಲ್ಲಿ, ಅತ್ತೆಯ ಪಕ್ಕಕ್ಕೆ, ಹೋಯಿತು.

ಅಂಬಾ ಅಷ್ಟಕ್ಕೇ ನಿಲ್ಲಲಿಲ್ಲ. ಮಲ್ಲಿಗೆ ಮುಡಿಯುವುದನ್ನು ಬಿಟ್ಟಳು, ವಾಸನೆ ಬಂದು ನನ್ನ ಎದೆಗೆ ಏನಾದರೂ ಆದೀತೆಂದು. ಬಳೆಗಳ ಸದ್ದೂ ಅಪಾಯವೆಂದು ಅವುಗಳನ್ನು ಮೊಳಕೈವರೆಗೆ ಏರಿಸಿ ಅರಿವೆಯ ಚಿಂದಿ ಸುತ್ತಿಕೊಂಡಳು. ಪೆಟ್ಟಿಗೆಯಲ್ಲಿದ್ದ ಸೀರೆಗಳಲ್ಲೆಲ್ಲ ಅತ್ಯಂತ ಕುರೂಪವಾದದ್ದು, ನನ್ನ ತಂಗಿ ತನ್ನ ಮದುವೆಯಲ್ಲಿ ಆಯೇರಿಯ ಉಡುಗೊರೆಯಾಗಿ ಕೊಟ್ಟ ಮಾಸಲು ಕಂದು ಬಣ್ಣದ ಒಂದು ಸೀರೆ, ಅದನ್ನೇ ಉಡತೊಡಗಿದಳು. ಇವುಗಳಿಂದ ಆದ ಪರಿಣಾಮವನ್ನು ವೈದ್ಯಶಾಸ್ತ್ರದ ಹಿತಕ್ಕಾಗಿ ಇಲ್ಲಿ ದಾಖಲಿಸುತ್ತೇನೆ. ಮಲ್ಲಿಗೆ ಇಲ್ಲದ ಹೆರಳು, ಸದ್ದಿಲ್ಲದ ಕೈ, ಆ ಮಾಸಲು ಕಂದು ಸೀರೆ, ಇವು ಮೂರೂ ಸೇರಿ ನನ್ನ ಎದೆ ಬಡಿಯುವಂತೆ ಮಾಡಿದಷ್ಟು ಅವಳ ಮದುವೆಯ ದಿನದ ಜರಿಯ ಶಾಲು ಸೀರೆಯೂ ಮಾಡಿರಲಿಲ್ಲ. ಈಗಲೂ ಆ ಬಣ್ಣದ ಗೋಣಿಚೀಲ ಕಂಡರೆ ನಿಂತು ನೋಡುತ್ತೇನೆ.

ಇಷ್ಟಾದರೂ ನಾನು ತಮ್ಮ ಮೇಲಿನ ವಿಶ್ವಾಸ ಬಿಡಲಿಲ್ಲ. ಚೈತ್ರದಲ್ಲಿ ಒಬ್ಬನೇ ಔಷಧಾಲಯಕ್ಕೆ ಬಂದು ಕೇಳಿದೆ, ತಾವು ಬಂದಿರಿ. ಬಾಯಿಂದ ಕೇಳಿದ್ದೇ ತಪ್ಪಾಯಿತೇನೋ ಎಂದು ವೈಶಾಖದಲ್ಲಿ ಚೀಟಿಯ ಮೇಲೆ ಬರೆದು ಕೊಟ್ಟೆ. ಡಾಕ್ಟರರು ಓದಿ, ನಾಲ್ಕಾಗಿ ಮಡಚಿ, ಕಿಸೆಯಲ್ಲಿಟ್ಟುಕೊಂಡು, ತಮ್ಮನ್ನು ಸಾವಕಾಶವಾಗಿ ಕೆಮ್ಮಿ ಮುಗಿಸಿ, "ಹವಾ ಬದಲಾಗೇದರಿ, ಕಫದ ಔಷಧ ತಗೋರಿ" ಎಂದು ಒಂದು ಬಾಟಲಿ ನನ್ನ ಕೈಗೆ ಕೊಟ್ಟರು. ಕೆಮ್ಮಿದ್ದು ಅವರು, ಔಷಧ ಕುಡಿದದ್ದು ನಾನು! ಹನ್ನೆರಡು ದಿನ, ಊಟದ ನಂತರ ಎರಡು ಚಮಚೆ, ಭಾಳ ಕಹಿ.

ಜ್ಯೇಷ್ಠದಲ್ಲಿ ಬೇರೆ ಉಪಾಯ ಮಾಡಿದೆ. ಕಚೇರಿಗೆ ಹೋಗಬಹುದೇ ಎಂದು ಕೇಳಿದೆ. "ಹೋಗ್ರಿ." ಸೈಕಲ್? "ಸಪಾಟ ರಸ್ತೇದಾಗ ಅಡ್ಡಿಯಿಲ್ಲ." ಮೇಲೆ ಗುಡಿಯಿರುವ ಪರ್ವತಿಯ ಗುಡ್ಡ ಹತ್ತಬಹುದೇ, ನೂರಕ್ಕೂ ಮೇಲಿನ ಮೆಟ್ಟಿಲು? "ನಿಧಾನ ಹತ್ತರಿ, ಛಲೋನ." ಮಾತು ಹೀಗೆ ಸರಾಗವಾಗಿ ಹರಿಯುತ್ತಿದ್ದಾಗ, ಅದೇ ಉಸಿರಿನಲ್ಲಿ, "ಮತ್ತ ಹೆಂಡತಿ ಬಾಜೂಕ..." ಎಂದೆ ನೋಡಿ, ತಾವು ಬಾಗಿಲ ಹಿಂದೆಯೇ ನಿಂತು ಕಾಯುತ್ತಿದ್ದವರಂತೆ ಹಾಜರ್! ಕಲ್ಲಿನ ಮೆಟ್ಟಿಲುಗಳನ್ನು ಏರಲು ನನ್ನ ಎದೆಗೆ ಪರವಾನಗಿ ಉಂಟು, ಕೈಹಿಡಿದ ಹೆಂಡತಿಯ ಪಕ್ಕದಲ್ಲಿ ಕೂಡಲು ಇಲ್ಲ. ಆಗಲಿ ಎಂದು, ಹಟಕ್ಕೆ ಬಿದ್ದು, ದಿನಾ ಬೆಳಿಗ್ಗೆ ಪರ್ವತಿ ಹತ್ತಿ ಇಳಿಯತೊಡಗಿದೆ. ಸಿಟ್ಟಿನಿಂದ ಹತ್ತಿದೆ, ಬೇರೆ ಯಾವ ಭಕ್ತಿಯೂ ಇರಲಿಲ್ಲ.

ಆದರೆ ಊರವರಿಗೆ ಅದು ಹೇಗೆ ತಿಳಿಯಬೇಕು? ಧಾಬಳಿ ಹೊದೆಯುತ್ತಾನೆ, ಹೆಂಡತಿಯ ಕೈ ಸೋಂಕಿಸಿಕೊಳ್ಳುವುದಿಲ್ಲ, ದಿನಾ ದೇವರ ಗುಡ್ಡ ಹತ್ತುತ್ತಾನೆ, ಮುಖ ಸದಾ ಗಂಟು. ಶ್ರಾವಣ ಬರುವಷ್ಟರಲ್ಲಿ ಹೆಡ್ ಕ್ಲಾರ್ಕ್ ಹುಲಕೋಟಿಗೆ ವೈರಾಗ್ಯ ಬಂದಿದೆಯೆಂಬ ಸುದ್ದಿ ವಾಡೆಯಿಂದ ವಾಡೆಗೆ ಹಬ್ಬಿತು. ಮೊದಲು ವಾಡೆಯ ಹೆಂಗಸರು ಬಾಗಿಲಲ್ಲಿ ನಿಂತು ಕೈಮುಗಿದರು. ಆಮೇಲೆ ತೆಂಗಿನಕಾಯಿಗಳು ಬಂದವು. ಮಗ ಮೆಟ್ರಿಕ್ ಪಾಸಾಗಬೇಕೆಂದು ಒಬ್ಬ ತಾಯಿ ಮಗನನ್ನು ತಂದು ನನ್ನ ಮುಂದೆ ಕೂಡಿಸಿದಳು. ಕಚೇರಿಯ ಜವಾನ ನನ್ನ ಕುರ್ಚಿಯನ್ನು ಒರೆಸಿ ಕಣ್ಣಿಗೊತ್ತಿಕೊಂಡ. ಅವಧೂತರಾಯರ ಹೆಂಡತಿಯಂತೂ ತನ್ನ ಗಂಡನನ್ನೇ ತಳ್ಳಿಕೊಂಡು ಬಂದು, "ಇವರಿಗೂ ಸ್ವಲ್ಪ ವೈರಾಗ್ಯ ಕೊಡ್ರಿ, ನನಗ ಏಳು ಸಾಕಾಗ್ಯಾವ" ಎಂದು ಬೇಡಿಕೊಂಡಳು. ಅವಧೂತರಾಯರು ನನ್ನ ಮಣೆಯ ಮುಂದೆ ತಲೆ ತಗ್ಗಿಸಿ ಕುಳಿತಿದ್ದರು. ನಾನು ಏನು ಹೇಳಬೇಕು, ಮಾನ್ಯರೇ? ತಮ್ಮಿಂದ ಕಲಿತ ವಿದ್ಯೆ ಆಗ ನೆರವಿಗೆ ಬಂತು. ಕೆಮ್ಮಿದೆ. "ಆಹಾ, ಮೌನೋಪದೇಶ" ಎಂದು ಎಲ್ಲರೂ ಎದ್ದು ಹೋದರು.

ಅಂದು ಮಾತ್ರ ತಮ್ಮ ದೊಡ್ಡತನ ನನಗೆ ಪೂರ್ತಿ ಅರಿವಾಯಿತು. ಒಂದು ಖೊಕ್ಕಿನಲ್ಲಿ ಹೌದು, ಇಲ್ಲ, ಗೊತ್ತಿಲ್ಲ, ನನಗೆ ನಾಚಿಕೆ, ಎಲ್ಲವನ್ನೂ ತುಂಬಿಸಿ, ಕೇಳಿದವನ ತಲೆಯ ಮೇಲೇ ಅದರ ಭಾರ ಹೊರಿಸಿ ಕಳಿಸುವ ಇಂಥ ಸಾಮರ್ಥ್ಯ ಸರಕಾರದ ಸುತ್ತೋಲೆಗಳಲ್ಲೂ ಇಲ್ಲ. ತಮಗೊಂದು ಹುದ್ದೆ ಕೊಟ್ಟು, ತುರಾಯಿ ಇಟ್ಟ ರುಮಾಲು ಸುತ್ತಿ, ದರ್ಬಾರಿನಲ್ಲಿ ಕೂಡಿಸಬೇಕೆಂದು ನಾನೇ ಮೇಲಿನವರಿಗೆ ಶಿಫಾರಸು ಮಾಡಬೇಕೆಂದಿದ್ದೆ.

ಆದರೆ ನರಕ ಚತುರ್ದಶಿ ಬಂತು. ಮಾನ್ಯರೇ, ಇನ್ನು ಮುಂದಿನ ಕೆಲವು ಸಾಲುಗಳಲ್ಲಿ ತಮಾಷೆ ಕಡಿಮೆ, ಕ್ಷಮಿಸಬೇಕು. ನಮ್ಮಲ್ಲಿ ಆ ದಿನ ಬೆಳಿಗ್ಗೆ ಹೆಂಡತಿ ಗಂಡನಿಗೆ ಎಣ್ಣೆ ಹಚ್ಚಿ ಆರತಿ ಬೆಳಗಬೇಕು. ಅದನ್ನು ಬಿಡುವಂತಿಲ್ಲ, ಹಾಗೆಂದು ಮುಟ್ಟುವಂತೆಯೂ ಇಲ್ಲ. ನನ್ನ ಅತ್ತೆ ಯೋಚನೆ ಮಾಡಿ ಉದ್ದ ಹಿಡಿಕೆಯ ಸೌಟು ತಂದುಕೊಟ್ಟು, ದೂರದಿಂದ ತಲೆಯ ಮೇಲೆ ಎಣ್ಣೆ ಸುರಿಯಬೇಕೆಂದರು. ನಾನು ಮಣೆಯ ಮೇಲೆ ಪಂಜೆಯುಟ್ಟು ಕುಳಿತೆ. ಅಂಬಾ ಸೌಟು ಹಿಡಿದು ನಿಂತಳು. ಎಣ್ಣೆ ನನ್ನ ಮೂಗಿನ ಮೇಲೆ, ಕಿವಿಯಲ್ಲಿ, ಗೋಡೆಯ ಮೇಲೆ, ಎಲ್ಲೆಂದರಲ್ಲಿ ಬಿತ್ತು. ನನಗೆ ನಗು ಬಂತು. "ಅಂಬಾ, ಸೌಟ ಒಗದು ಕೈಲೆ ಹಚ್ಚು" ಎಂದೆ. ಅವಳು ನಗಲಿಲ್ಲ. ಸೌಟು ಅಲ್ಲೇ ಬಿಟ್ಟು ಕುಸಿದು ಕುಳಿತು ಅಳತೊಡಗಿದಳು.

"ನನ್ನ ಕೈಯಿಂದ ನಿಮಗ ಏನರ ಆದ್ರ ನಾ ಏನ್ ಮಾಡ್ಲಿ? ಡಾಕ್ಟರು ನಿಮಗ ಹೇಳಲಿಕ್ಕೂ ಆಗಲಾರದಷ್ಟು ಕೆಟ್ಟದ್ದು ನನ್ನ ಹತ್ರ ಅದ, ಹೌದಲ್ಲ? ನಾನs ನಿಮ್ಮ ರೋಗ."

ಎಂಟು ತಿಂಗಳು ನಾನು ನನ್ನ ಗೋಳನ್ನೇ ಹಾಡಿಕೊಂಡಿದ್ದೆ. ನನ್ನ ಬಟ್ಟಲು, ನನ್ನ ಧಾಬಳಿ, ನನ್ನ ಪರ್ವತಿ. ಅಡುಗೆಮನೆಯಲ್ಲಿ ಬಳೆಗೆ ಚಿಂದಿ ಸುತ್ತಿಕೊಂಡು ಕುಳಿತವಳು ತನ್ನನ್ನು ಗಂಡನ ಸಾವೆಂದೇ ತಿಳಿದುಕೊಂಡಿದ್ದಾಳೆಂದು ನನಗೆ ಹೊಳೆದಿರಲೇ ಇಲ್ಲ. ಧಿಕ್ಕಾರ ನನ್ನ ಬುದ್ಧಿಗೆ, ಮತ್ತು, ತಮ್ಮ ಘನತೆಗೆ ಕುಂದು ಬಾರದಂತೆ ಹೇಳುವುದಾದರೆ, ತಮಗೂ.

ಮರುದಿನ ಅಮಾವಾಸ್ಯೆ. ಬೆಳಿಗ್ಗೆ ಅಂಬಾ ನನ್ನ ಕೋಟಿನ ಕಿಸೆಯಿಂದ ಇಪ್ಪತ್ತೇಳು ಕಲಮುಗಳ ಕಾಗದ ತೆಗೆದುಕೊಂಡು, ಯಾರಿಗೂ ಹೇಳದೆ, ಟಾಂಗಾ ಮಾಡಿಕೊಂಡು ಔಷಧಾಲಯಕ್ಕೆ ಹೋದಳು. ಮುಂದಿನದನ್ನು ತಾವು ಖುದ್ದಾಗಿ ಅನುಭವಿಸಿದ್ದೀರಿ, ಆದರೂ ಅಂಬಾ ನನಗೆ ಹೇಳಿದಂತೆ ಬರೆಯುತ್ತೇನೆ, ಬೇರೆ ರೋಗಿಗಳಿಗೆ ಉಪಯೋಗವಾಗಲಿ. ಅವಳು ಕುರ್ಚಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, "ಡಾಕ್ಟರ್, ನಾ ನಮ್ಮವರ ಹತ್ರ ಮಲಗಿದ್ರ ಅವರು ಸಾಯ್ತಾರೇನು? ನಾನs ಅವರ ರೋಗ ಏನು?" ಎಂದು ಸೀದಾ ಕೇಳಿದಳು. ತಾವು ಎಂದಿನಂತೆ ಬಂದಿರಿ. ಅವಳು ಏಳಲಿಲ್ಲ. ತಾವು ಮತ್ತೆ ಬಂದಿರಿ, ಜೋರಾಗಿ. ಅವಳು ಸಂಚಿಯಿಂದ ಗಂಟಲಿಗೆ ಹಿತವಾದ ಜ್ಯೇಷ್ಠಮಧುವಿನ ಒಂದು ತುಂಡು ತೆಗೆದು ಡಾಕ್ಟರರ ಮೇಜಿನ ಮೇಲಿಟ್ಟು ಹೇಳಿದಳು: "ಬಾಯಾಗ ಇಟಗೋರಿ. ನಿಮ್ಮ ಕೆಮ್ಮು ಮುಗಿಯೂತನಕ ನಾ ಕೂಡ್ತೀನಿ, ನನಗೇನೂ ಅವಸರ ಇಲ್ಲ. ಹಬ್ಬದ ಫರಾಳ ಎಲ್ಲಾ ಮಾಡಿಟ್ಟs ಬಂದೀನಿ."

ಹನ್ನೊಂದು ಸಲ ಬಂದಿರಂತೆ ತಾವು. ಹನ್ನೆರಡನೆಯ ಸಲಕ್ಕೆ ತಮ್ಮಲ್ಲೂ ಉಸಿರು ಉಳಿಯಲಿಲ್ಲ. ಡಾಕ್ಟರರು ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು, ಮುಖವನ್ನು ಕ್ಯಾಲೆಂಡರಿನ ಕಡೆಗೆ ತಿರುಗಿಸಿ, ಮಾತಾಡಿದರು.

"ಇಲ್ಲ ತಾಯಿ, ಸಾಯೂದಿಲ್ಲ. ಪರ್ವತಿ ಹತ್ತಿ ಇಳಿಯೂ ಮನಶಾಗ ಇದೇನು ಭಾರ ಅಲ್ಲ. ಹೊಟ್ಟಿ ತುಂಬ ಉಂಡ ಕೂಡಲೆ ಬ್ಯಾಡ, ಭಾಳ ದಣಿದಾಗ ಬ್ಯಾಡ. ಮೊದಮೊದಲ ಸಾವಕಾಶ ಇರ್ರಿ. ಎದಿ ನೋಯ್ತು, ದಮ್ಮು ಹತ್ತಿತು ಅಂದ್ರ ನಿಲ್ಲಸ್ರಿ, ನನಗ ಹೇಳಿ ಕಳಸ್ರಿ. ಮುಟ್ಟೂದು, ಬಾಜೂಕ ಕೂಡೂದು, ಇವಕ್ಕಂತೂ ಎಂದೂ ಅಡ್ಡಿ ಇರಲಿಲ್ಲ. ನೀವು ರೋಗ ಅಲ್ಲ ತಾಯಿ. ಅಂಜಿಕೀನs ರೋಗ." ಆಮೇಲೆ, "ಇದನ್ನ ನಾ ಫಾಲ್ಗುಣದಾಗs ಹೇಳಬೇಕಾಗಿತ್ತು" ಎಂದರಂತೆ. ಅಂಬಾ ಕಾಗದ ಮುಂದೆ ಸರಿಸಿ, ಇಷ್ಟನ್ನೂ ಇಪ್ಪತ್ತೆಂಟನೆಯ ಕಲಮಾಗಿ ಅವರ ಕೈಯಿಂದಲೇ ಬರೆಸಿಕೊಂಡು ಬಂದಳು. ಅಕ್ಷರ ಅಷ್ಟು ದುಂಡಗಿಲ್ಲ. ಆದರೆ ಓದಲು ಬರುತ್ತದೆ.

ಮನೆಗೆ ಬಂದವಳೇ ಅದನ್ನು ಗಂಗೂಬಾಯಿ ಅತ್ತೆಯ ಮುಂದೆ ಗಟ್ಟಿಯಾಗಿ ಓದಿದಳು. ಅತ್ತೆ ಪೂರ್ತಿ ಕೇಳಿ, "ಅಷ್ಟs ಏನ? ಅದನ್ನ ಆವತ್ತs ಬಾಯಿ ಬಿಟ್ಟು ಹೇಳಿದ್ರ ನಾ ಯಾಕ ನನ್ನ ಧಾಬಳಿ ಕೊಡ್ತಿದ್ದೆ? ಎಂಟು ತಿಂಗಳು ಥಂಡ್ಯಾಗ ಮಲಗೀನಿ" ಎಂದು ಧಾಬಳಿ ಎಳೆದುಕೊಂಡು ಹೋದರು. ಪಾಡ್ಯದ ಬೆಳಿಗ್ಗೆ, ಒಂದು ದಿನ ಬಿಟ್ಟು, ಅಂಬಾ ನನಗೆ ಎಣ್ಣೆ ಹಚ್ಚಿದಳು, ಕೈಯಿಂದ. ಚಿಂದಿ ಬಿಚ್ಚಿದ ಬಳೆಗಳು ನನ್ನ ಕಿವಿಯ ಹತ್ತಿರ ಸದ್ದು ಮಾಡುತ್ತಿದ್ದವು. ನನ್ನ ಎದೆ ಬಡಿಯಿತು. ಇಂದಿಗೂ ಬಡಿಯುತ್ತಲೇ ಇದೆ, ಅದರ ಕೆಲಸವೇ ಅದು. ಮುಂದಿನದು ತಮಗೆ ಸಂಬಂಧಪಟ್ಟದ್ದಲ್ಲ, ತಾವು ಕೆಮ್ಮಿದರೂ ಹೇಳುವುದಿಲ್ಲ.

ಈಗ ನನ್ನ ಬೇಡಿಕೆಗಳು. ಎಂಟು ತಿಂಗಳ ನನ್ನ ದಾಂಪತ್ಯವನ್ನು ತಾವು ಹಿಂದಿರುಗಿಸಬೇಕು, ಅದರಲ್ಲಿ ಕನಿಷ್ಠ ಶ್ರಾವಣದ ಮಳೆಗಾಲವನ್ನಾದರೂ. ಅದು ಆಗದಿದ್ದರೆ, ಯಾವ ಖೊಕ್ಕಿಗೆ ಹೌದು, ಯಾವುದಕ್ಕೆ ಇಲ್ಲ, ಯಾವುದಕ್ಕೆ ಎರಡು ವಾರ ತಡೆಯಿರಿ ಎಂಬ ಕೋಷ್ಟಕವನ್ನು ಅಚ್ಚು ಹಾಕಿಸಿ ಪ್ರತಿ ರೋಗಿಗೂ ಕೊಡಬೇಕು. ಅದೂ ಆಗದಿದ್ದರೆ ತಾವು ಹದಿನಾಲ್ಕನೆಯ ಕಲಮಿಗೆ ವರ್ಗಾವಣೆ ತೆಗೆದುಕೊಳ್ಳಬೇಕು, ಅಲ್ಲಿ ತಮ್ಮ ಅಗತ್ಯ ಬಹಳ ಇದೆ. ಮತ್ತು ವಾಡೆಯವರಿಗೆ ನನ್ನ ವೈರಾಗ್ಯ ಮುಗಿಯಿತೆಂದು ತಾವೇ ಹೋಗಿ ತಿಳಿಸಬೇಕು, ಏಕೆಂದರೆ ನಿನ್ನೆ ಅಂಬಾಳ ತಲೆಯಲ್ಲಿ ಮಲ್ಲಿಗೆ ಕಂಡಾಗಿನಿಂದ ತೆಂಗಿನಕಾಯಿ ಕೊಟ್ಟವರು ಅವುಗಳನ್ನು ತಿರುಗಿ ಕೇಳುತ್ತಿದ್ದಾರೆ. ನಾವು ಚಟ್ನಿ ಮಾಡಿ ತಿಂದಾಗಿದೆ.

ಇವೆಲ್ಲ ಬೇಡ, ಒಂದನ್ನು ಮಾತ್ರ ನಡೆಸಿಕೊಟ್ಟರೂ ಸಾಕು. ಈ ಪತ್ರವನ್ನು ಇಪ್ಪತ್ತೆಂಟನೆಯ ಕಲಮಿನ ನಕಲಿನೊಂದಿಗೆ ಔಷಧಾಲಯದ ಬೆಂಚಿನ ಮೇಲಿನ ಗೋಡೆಗೆ ನಾನೇ ಬಂದು ಅಂಟಿಸುತ್ತೇನೆ. ನನ್ನಂತೆ ಎದೆ ಹಿಡಿದುಕೊಂಡು ಬರುವವನೂ, ಬಾಗಿಲ ಮರೆಗೆ ನಿಲ್ಲುವ ಅವನ ಹೆಂಡತಿಯೂ ಓದಿಕೊಳ್ಳುತ್ತಾರೆ. ಆ ಹೊತ್ತಿಗೆ ತಾವು ದಯವಿಟ್ಟು ಬರಬೇಡಿ.

ತಮ್ಮಿಂದಾಗಿ ಎಂಟು ತಿಂಗಳು ಸ್ವಾಮಿಯಾಗಿ, ಪಾಡ್ಯದಿಂದ ಮತ್ತೆ ಗಂಡನಾಗಿ ಬಡ್ತಿ ಪಡೆದ,
ತಮ್ಮ ವಿಶ್ವಾಸಿ,
ಬಿಂದುಮಾಧವ ನರಸಿಂಹ ಹುಲಕೋಟಿ

ತಾ. ಕ.: ಪತ್ರ ಮುಗಿಸಿ ಅಂಟು ಕಲಸುತ್ತಿದ್ದಾಗ ಡಾಕ್ಟರರ ಪತ್ನಿ ಗೌರಾಬಾಯಿಯವರು ಚಕ್ಕುಲಿ, ಕರಜಿಕಾಯಿಯ ತಾಟು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ತಾಟು ಕೆಳಗಿಡುವ ಮೊದಲೇ ಅಂಬಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ನಮ್ಮವರು ನಿನಗ ಏನು ಹೇಳಿದ್ರು, ನನಗೂ ಸ್ವಲ್ಪ ಓದಿ ಹೇಳವಾ. ಅವರಿಗೆ ಎದಿ ಬ್ಯಾನಿ ಬಂದಾಗಿಂದ ಎರಡ ವರ್ಷದ ಮ್ಯಾಲ ಆತು, ಪಡಸಾಲ್ಯಾಗ ಒಬ್ಬರs ಮಲಗ್ತಾರ. ಯಾಕ ಅಂತ ಕೇಳಿದ್ರ ಕೆಮ್ಮತಾರ" ಎಂದರು. ನಾನು ಇದನ್ನು ಬರೆಯುತ್ತಿರುವುದು ಅವರ ಅಪ್ಪಣೆಯಿಂದಲೇ, "ಗ್ವಾಡಿಗೆ ಹಚ್ಚೂದs ಆದ್ರ ನಂದೂ ಎರಡ ಸಾಲ ಇರಲಿ" ಎಂದು ಹೇಳಿದ್ದಾರೆ. ಹೊರಡುವಾಗ ಅಂಬಾ ಅವರಿಗೆ ಅರಿಶಿನ ಕುಂಕುಮ ಕೊಟ್ಟು, ಉಳಿದ ಜ್ಯೇಷ್ಠಮಧುವನ್ನೆಲ್ಲ ಉಡಿಯಲ್ಲಿ ಹಾಕಿ ಕಳಿಸಿದ್ದಾಳೆ. ತಾವು ಇಂದು ಸಂಜೆಯೊಳಗೆ ಬೇರೆ ಯಾವುದಾದರೂ ಗಂಟಲು ನೋಡಿಕೊಳ್ಳುವುದು ಒಳ್ಳೆಯದು.